ಬೈಕಿನ ಪೆಟ್ರೋಲ್ ಟ್ಯಾಂಕಿನ ನೆಗ್ಗು ತೆಗೆಯುವ ಬಗೆ: ಮೊದಲು ತಗಡು, ಆಮೇಲೆ ಪುಟ್ಟಿ

ನಿಲ್ಲಿಸಿದ ಬೈಕು ಪಕ್ಕಕ್ಕೆ ಉರುಳಿದಾಗ ಹ್ಯಾಂಡಲ್ ಒಂದು ಕಡೆಗೆ ಪೂರ್ತಿ ತಿರುಗಿ, ಸ್ವಿಚ್ ಡಬ್ಬಿಯೋ ಲಿವರಿನ ಬುಡವೋ ಟ್ಯಾಂಕಿನ ಮುಂಭಾಗಕ್ಕೆ ಗುದ್ದುತ್ತದೆ. ಟ್ಯಾಂಕಿನ ನೆಗ್ಗುಗಳಲ್ಲಿ ಬಹಳಷ್ಟು ಹುಟ್ಟುವುದು ಹೀಗೆ. ನೋಡಲು ಸಣ್ಣ ಗುಳಿ. ಆದರೆ ಇದನ್ನು ತೆಗೆಯುವುದು ಕಾರಿನ ಬಾಗಿಲಿನ ನೆಗ್ಗು ತೆಗೆದಂತಲ್ಲ. ಟ್ಯಾಂಕಿನ ತಗಡು ದಪ್ಪ, ಆಕಾರ ಎಲ್ಲ ಕಡೆಯೂ ದುಂಡು, ಒಳಗೆ ಕೈ ಹೋಗುವುದಿಲ್ಲ, ಮೇಲಾಗಿ ಒಳಗಿರುವುದು ಪೆಟ್ರೋಲಿನ ಆವಿ. ಯಾವ ವಿಧಾನ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದೆಲ್ಲ ಈ ನಾಲ್ಕರ ಮೇಲೆ ನಿಂತಿದೆ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ದಿನದ ಕೆಲಸ. ತಗಡನ್ನು ಆದಷ್ಟು ಅದರ ಜಾಗಕ್ಕೆ ತಂದು, ಪುಟ್ಟಿಯನ್ನು ಕೊನೆಯ ಒಂದೆರಡು ಮಿಲಿಮೀಟರಿಗೆ ಮಾತ್ರ ಬಳಸಿದರೆ ಮೂರು ನಾಲ್ಕು ದಿನ ಹಿಡಿಯುತ್ತದೆ. ಬಾಳಿಕೆ ಬರುವುದು ಎರಡನೆಯದೇ.

ನೆಗ್ಗನ್ನು ಮೊದಲು ಸರಿಯಾಗಿ ನೋಡಿ

ಒಂದು ಆಯಸ್ಕಾಂತ ಹಿಡಿದು ಶುರು ಮಾಡಿ. ಅಂಟಿದರೆ ಉಕ್ಕಿನ ತಗಡು, ಸಾಮಾನ್ಯವಾಗಿ 0.8ರಿಂದ 1 ಮಿ.ಮೀ. ದಪ್ಪ. ಅಂಟದಿದ್ದರೆ ಅದು ಅಲ್ಯೂಮಿನಿಯಂ ಟ್ಯಾಂಕ್ ಇರಬಹುದು, ಇಲ್ಲವೇ ಟ್ಯಾಂಕಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ಕವರ್ ಇರಬಹುದು. ಈಚಿನ ಎಷ್ಟೋ ಬೈಕುಗಳಲ್ಲಿ ಕಣ್ಣಿಗೆ ಕಾಣುವುದು ಬರೀ ಕವರ್, ನಿಜವಾದ ಟ್ಯಾಂಕ್ ಅದರ ಕೆಳಗಿರುತ್ತದೆ. ಕವರ್ ಆದರೆ ಅದನ್ನು ಬಿಚ್ಚಿ ಬಿಸಿನೀರು ಹೊಯ್ದು ಹಿಂದಿನಿಂದ ಬೆರಳಲ್ಲಿ ಒತ್ತಿದರೆ ಬಹುಪಾಲು ಸರಿಹೋಗುತ್ತದೆ. ಈ ಲೇಖನದ ಉಳಿದ ಭಾಗ ಬೇಕಾಗುವುದಿಲ್ಲ. ಅಲ್ಯೂಮಿನಿಯಂ ಟ್ಯಾಂಕನ್ನು ಅದರಲ್ಲಿ ಪಳಗಿದವರಿಗೇ ಕೊಡುವುದು ಒಳ್ಳೆಯದು. ಅದು ಉಕ್ಕಿನಂತೆ ಹಿಂದಕ್ಕೆ ಚಿಮ್ಮುವುದಿಲ್ಲ, ಪದೇ ಪದೇ ಆಡಿಸಿದರೆ ಬಿರಿಯುತ್ತದೆ.

ಉಕ್ಕಿನ ಟ್ಯಾಂಕಾದರೆ ಮುಂದಿನ ಪ್ರಶ್ನೆ ನೆಗ್ಗಿನ ಸ್ವಭಾವ. ಅಗಲವಾಗಿ, ಆಳ ಕಡಿಮೆಯಾಗಿ, ಅಂಚು ಮೆಲ್ಲಗೆ ಇಳಿದಿದ್ದರೆ ತಗಡು ಬಾಗಿದೆ ಅಷ್ಟೇ, ಹಿಗ್ಗಿಲ್ಲ. ಅದು ಹೊರಗೆ ಬರುತ್ತದೆ. ಚೂಪಾದ ಮೂಲೆ ಅಥವಾ ಗೆರೆಯಂಥ ಮಡಿಕೆ ಇದ್ದರೆ ಅಲ್ಲಿ ತಗಡು ಹಿಗ್ಗಿರುತ್ತದೆ, ಅಂದರೆ ಆ ಜಾಗಕ್ಕೆ ಬೇಕಾದುದಕ್ಕಿಂತ ಹೆಚ್ಚು ತಗಡು ಅಲ್ಲಿದೆ. ಎಷ್ಟು ಎಳೆದರೂ ಪೂರ್ತಿ ನಯವಾಗುವುದಿಲ್ಲ. ಸ್ವಲ್ಪ ಪುಟ್ಟಿ, ಹೊಸ ಬಣ್ಣ ಬೇಕೇ ಬೇಕು. ಟ್ಯಾಂಕಿನ ಎರಡು ಭಾಗ ಕೂಡುವ ಬೆಸುಗೆಯ ಅಂಚಿನಿಂದ ಎರಡು ಬೆರಳಗಲದೊಳಗೆ ನೆಗ್ಗು ಇದ್ದರೆ ಎಳೆಯುವ ಯೋಚನೆ ಬಿಡಿ. ಅಂಚು ಬಹಳ ಗಡಸು, ಎಳೆದ ಬಲವೆಲ್ಲ ಬೆಸುಗೆಗೆ ಹೋಗಿ ಅಲ್ಲಿ ಸೋರಿಕೆ ಹುಟ್ಟುತ್ತದೆ.

ಬಣ್ಣವನ್ನೂ ನೋಡಿ. ಕಾರ್ಖಾನೆಯ ಬಣ್ಣ ಎಲ್ಲೂ ಸೀಳಿಲ್ಲದೆ ಇದ್ದರೆ ಅಂಟು ಹಾಕಿ ಎಳೆಯುವ ವಿಧಾನದಲ್ಲಿ ಬಣ್ಣ ಉಳಿಸಿಕೊಳ್ಳಬಹುದು. ಕೂದಲೆಳೆಯಷ್ಟು ಸೀಳಿದ್ದರೂ, ಅಥವಾ ಹಿಂದೊಮ್ಮೆ ಬಣ್ಣ ಹೊಡೆಸಿದ್ದರೂ, ಅಂಟಿನ ಜೊತೆ ಬಣ್ಣ ಸಿಪ್ಪೆಯಂತೆ ಕಿತ್ತು ಬರುತ್ತದೆ. ಕೊನೆಯದಾಗಿ ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕು ತಡೆಯಲು ಒಳಗೆ ಸೀಲರ್ ಲೇಪಿಸಿದ ಟ್ಯಾಂಕ್ ಆಗಿದ್ದರೆ, ತಗಡು ಆಡಿದಾಗ ಆ ಲೇಪ ಬಿರಿದು ಹಕ್ಕಳೆಗಳಾಗಿ ಫಿಲ್ಟರ್ ಕಟ್ಟುತ್ತದೆ. ಹಾಗಿದ್ದಲ್ಲಿ ನೆಗ್ಗು ತೆಗೆದ ಮೇಲೆ ಒಳಲೇಪವನ್ನೂ ಮತ್ತೆ ಮಾಡಬೇಕಾಗುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಟ್ಯಾಂಕ್ ಬಿಚ್ಚುವುದು, ಆವಿ ಕಳೆಯುವುದು

ಈ ಹಂತದಲ್ಲಿ ಅವಸರಕ್ಕೆ ಜಾಗವೇ ಇಲ್ಲ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಉರಿಯುವುದು ಪೆಟ್ರೋಲಲ್ಲ, ಗಾಳಿಯೊಡನೆ ಬೆರೆತ ಅದರ ಆವಿ. ಗಾಳಿಯಲ್ಲಿ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ. ಬರಿದು ಮಾಡಿದ ಟ್ಯಾಂಕಿನಲ್ಲಿ ತಳದ ಪಸೆ ಆವಿಯಾಗಿ ಸರಿಯಾಗಿ ಆ ಪ್ರಮಾಣಕ್ಕೇ ಬಂದು ನಿಲ್ಲಬಹುದು. ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯವರೆಗೂ ಹೋಗುತ್ತದೆ. ಹಾಗಾಗಿ ಈ ಕೆಲಸ ಬಯಲಲ್ಲೇ ಆಗಬೇಕು, ಪಕ್ಕದಲ್ಲಿ ಒಣಪುಡಿಯ ಬೆಂಕಿ ನಂದಕ ಇರಬೇಕು.

ಎಂಜಿನ್ ತಣ್ಣಗಿರುವಾಗ ಸೀಟು ತೆಗೆದು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಕಾರ್ಬುರೇಟರ್ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ ಪೈಪು ಎಳೆಯಿರಿ. ಇಂಜೆಕ್ಷನ್ ಬೈಕಾದರೆ ಪೈಪಿನಲ್ಲಿ ಒತ್ತಡ ನಿಂತಿರುತ್ತದೆ: ಬ್ಯಾಟರಿ ಬಿಚ್ಚುವ ಮೊದಲೇ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬಟ್ಟೆ ಸುತ್ತಿ ಪೈಪು ಬಿಡಿಸಿ. ಗೇಜಿನ ವೈರು, ಗಾಳಿ ಹೋಗುವ ಪೈಪು, ಮುಚ್ಚಳದ ಸುತ್ತಲಿನ ಮಳೆನೀರು ಇಳಿಯುವ ಪೈಪು, ಒಂದೊಂದಕ್ಕೂ ಗುರುತಿನ ಟೇಪ್ ಹಚ್ಚಿ. ಹಿಂದಿನ ಬೋಲ್ಟ್ ತೆಗೆದು ಟ್ಯಾಂಕನ್ನು ಸ್ವಲ್ಪ ಮೇಲೆತ್ತಿ ಹಿಂದಕ್ಕೆ ಎಳೆದರೆ ಮುಂದಿನ ರಬ್ಬರ್ ಬುಷ್‌ಗಳಿಂದ ಕಳಚಿಕೊಳ್ಳುತ್ತದೆ.

ಪೆಟ್ರೋಲನ್ನು ಇಂಧನಕ್ಕೆಂದೇ ಮಾಡಿದ ಡಬ್ಬಿಗೆ ಬಸಿದು ದೂರ ಇಡಿ. ಪಂಪ್, ಕಾಕ್, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಎಲ್ಲ ಬಿಚ್ಚಿ. ಪಂಪಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಫ್ಲೋಟಿನ ಕಡ್ಡಿ ಬಾಗದಂತೆ ಓರೆಯಾಗಿ ಹೊರತೆಗೆಯಬೇಕು. ಟ್ಯಾಂಕಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ಹೀಗೆ ಮೂರು ಸಲ. ಆಮೇಲೆ ಕಂಠಮಟ್ಟ ನೀರು ತುಂಬಿ ಕೆಲವು ಗಂಟೆ ಬಿಟ್ಟು ಬಸಿಯಿರಿ. ಪೆಟ್ರೋಲ್ ಬೆರೆತ ಈ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಡಬ್ಬಿಯಲ್ಲಿ ಹಿಡಿದಿಟ್ಟು, ಹಳೆಯ ಆಯಿಲ್ ಸೇರುವ ಕಡೆಗೇ ಕಳಿಸಿ.

ವಾಸನೆ ಹೋಯಿತೆಂದು ಆವಿ ಹೋಗಿದೆ ಎಂದು ನಂಬಬೇಡಿ. ಬೆಸುಗೆಯ ಅಂಚಿನ ಸಂದಿಯಲ್ಲೂ ತುಕ್ಕಿನ ಪದರದೊಳಗೂ ಪೆಟ್ರೋಲ್ ಅಡಗಿರುತ್ತದೆ, ತಗಡು ಬಿಸಿಯಾದಾಗ ಮತ್ತೆ ಆವಿಯಾಗಿ ಹೊರಬರುತ್ತದೆ. ಆದ್ದರಿಂದ ತೊಳೆದ ಟ್ಯಾಂಕಿನ ಮೇಲೂ ಬೆಂಕಿ, ವೆಲ್ಡಿಂಗ್, ಗ್ರೈಂಡರ್ ಬೇಡವೇ ಬೇಡ. ಮೊಳೆಯಂಥ ಕಡ್ಡಿಯನ್ನು ತಗಡಿಗೆ ವೆಲ್ಡ್ ಮಾಡಿ ಎಳೆಯುವ ವಿಧಾನ ಡೆಂಟಿಂಗ್ ಗ್ಯಾರೇಜುಗಳಲ್ಲಿ ಉಂಟು. ಅದನ್ನು ಟ್ಯಾಂಕಿನೊಳಗೆ ಆರ್ಗಾನ್‌ನಂಥ ಉರಿಯದ ಅನಿಲ ಹಾಯಿಸಿ ಮಾಡಬಲ್ಲವರಿಗೆ ಬಿಡಿ. ಸೋರುತ್ತಿರುವ ಟ್ಯಾಂಕಿಗೂ ಇದೇ ಮಾತು.

ಕೆಲಸ ಕೆಡಿಸುವ ಉಪಾಯಗಳು

ಕಂಪ್ರೆಸರ್ ಗಾಳಿ ತುಂಬಿ ನೆಗ್ಗನ್ನು ಉಬ್ಬಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: ಟ್ಯಾಂಕಿನ ಒಂದು ಪಕ್ಕ 30 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರ ಎಂದಿಟ್ಟುಕೊಂಡರೆ, ಬರೀ 0.5 ಬಾರ್ ಒತ್ತಡಕ್ಕೆ ಆ ಪಕ್ಕದ ಮೇಲೆ ಬೀಳುವ ಬಲ ಸುಮಾರು 300 ಕಿಲೋ ಭಾರಕ್ಕೆ ಸಮ. ನೆಗ್ಗಿದ ಜಾಗ ಮಡಿಕೆಯಿಂದಾಗಿ ಗಡಸಾಗಿರುವುದರಿಂದ ಮೊದಲು ಉಬ್ಬುವುದು ಅದಲ್ಲ, ನೆಟ್ಟಗಿರುವ ಚಪ್ಪಟೆ ಭಾಗಗಳು ಮತ್ತು ಚೌಕಟ್ಟಿನ ಮೇಲೆ ಕೂರುವ ನಡುವಿನ ಕಾಲುವೆ. ಆಮೇಲೆ ಟ್ಯಾಂಕ್ ಬೈಕಿನ ಮೇಲೇ ಕೂರುವುದಿಲ್ಲ. ನೀರು ತುಂಬಿ ಫ್ರೀಜ್ ಮಾಡುವುದರಲ್ಲೂ ಇದೇ ತೊಂದರೆ, ಜೊತೆಗೆ ಬೆಸುಗೆ ಬಿರಿಯುತ್ತದೆ. ಬಿಸಿ ಮಾಡಿ ತಟಕ್ಕನೆ ತಣ್ಣಗಾಗಿಸುವ ಉಪಾಯ ಒಂದು ಮಿಲಿಮೀಟರ್ ದಪ್ಪದ ದುಂಡು ತಗಡನ್ನು ಅಲುಗಿಸುವುದೂ ಇಲ್ಲ. ರಬ್ಬರಿನ ಹೀರುಬಟ್ಟಲು ಕಾರಿನ ಅಗಲ ತಗಡಿಗೆ ಸರಿ, ಟ್ಯಾಂಕಿನ ಡೊಂಕಿಗೆ ಅದು ಸರಿಯಾಗಿ ಕಚ್ಚಿಕೊಳ್ಳುವುದೇ ಇಲ್ಲ.

ಬಣ್ಣ ಉಳಿಸಿಕೊಂಡು ಎಳೆಯುವುದು

ಬೇಕಾಗುವ ಸಾಮಾನು: ನೆಗ್ಗು ತೆಗೆಯಲೆಂದೇ ಬರುವ ಬಿಸಿ ಅಂಟಿನ ಕಡ್ಡಿ ಮತ್ತು ಗ್ಲೂ ಗನ್ (ಕ್ರಾಫ್ಟ್ ಕೆಲಸದ ಅಂಟು ಈ ಎಳೆತಕ್ಕೆ ತಾಳುವುದಿಲ್ಲ), 10ರಿಂದ 30 ಮಿ.ಮೀ. ಅಗಲದ ಪ್ಲಾಸ್ಟಿಕ್ ಟ್ಯಾಬ್‌ಗಳು (ನೆಗ್ಗಿಗೆ ಅಂಟಿಸಿ ಹಿಡಿದೆಳೆಯುವ ಬಿಲ್ಲೆಗಳು), ಜಾರು ಸುತ್ತಿಗೆ (ಕಡ್ಡಿಯ ಮೇಲೆ ಜಾರುವ ತೂಕದ ಏಟಿನಿಂದ ಎಳೆಯುವ ಸಾಧನ) ಅಥವಾ ಎರಡು ಕಾಲಿನ ಎಳೆಯುವ ಸಾಧನ, ನೈಲಾನ್ ತುದಿಯ ಕಡ್ಡಿ, ಸಣ್ಣ ಸುತ್ತಿಗೆ, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಉದ್ದನೆಯ ಎಲ್‌ಇಡಿ ದೀಪ. ಟ್ಯಾಂಕನ್ನು ಇಡಲು ಮರಳು ಚೀಲ ಅಥವಾ ಹಳೆಯ ಟೈರು. ಗಟ್ಟಿ ಮೇಜಿನ ಮೇಲಿಟ್ಟರೆ ಎಳೆಯುವ ಭರದಲ್ಲಿ ಇನ್ನೊಂದು ಪಕ್ಕಕ್ಕೆ ಹೊಸ ನೆಗ್ಗು ಬೀಳುತ್ತದೆ.

ಬಣ್ಣ ತಣ್ಣಗಿದ್ದರೆ ಪೆಡಸಾಗಿ ಸೀಳುತ್ತದೆ, ಅಂಟೂ ಬೇಗ ಗಟ್ಟಿಯಾಗಿ ಕಳಚಿಕೊಳ್ಳುತ್ತದೆ. ಬಿಸಿ ಮಾಡಲು ಹೇರ್ ಡ್ರೈಯರ್ ಹುಡುಕುವ ಬದಲು ಟ್ಯಾಂಕಿಗೆ 40ರಿಂದ 45 ಡಿಗ್ರಿಯ ಬೆಚ್ಚನೆ ನೀರು ತುಂಬುವುದು ಎಲ್ಲ ರೀತಿಯಲ್ಲೂ ಮೇಲು. ತಗಡು ಒಂದೇ ಸಮ ಬೆಚ್ಚಗಾಗುತ್ತದೆ, ಒಳಗೆ ಆವಿಗೆ ಜಾಗ ಉಳಿಯುವುದಿಲ್ಲ, ನೀರಿನ ಭಾರಕ್ಕೆ ಟ್ಯಾಂಕ್ ಅಲುಗದೆ ಕೂರುತ್ತದೆ. ಪಂಪಿನ ತೂತನ್ನು ಅದೇ ಅಳತೆಗೆ ಕತ್ತರಿಸಿದ 3 ಮಿ.ಮೀ. ತಗಡು, ಅದರಡಿ ರಬ್ಬರ್ ಹಾಳೆ ಇಟ್ಟು ಅದೇ ಬೋಲ್ಟುಗಳಿಂದ ಮುಚ್ಚಿ.

1. ನೆಗ್ಗಿನ ಸುತ್ತಲಿನ ವ್ಯಾಕ್ಸ್, ಪಾಲಿಷ್ ಎಲ್ಲ ಹೋಗುವಂತೆ ಆಲ್ಕೋಹಾಲಿನಿಂದ ಎರಡು ಸಲ ಒರೆಸಿ. ಅಂಟು ಹಿಡಿಯದಿರಲು ಜಿಡ್ಡೇ ಮೊದಲ ಕಾರಣ.

2. ದೀಪವನ್ನು ಓರೆಯಾಗಿ ಹಿಡಿದು ಅದರ ಪ್ರತಿಬಿಂಬದ ಗೆರೆ ನೋಡಿ. ಗೆರೆ ಒಳಕ್ಕೆ ಬಾಗಿದಲ್ಲಿ ಗುಳಿ, ಹೊರಕ್ಕೆ ಉಬ್ಬಿದಲ್ಲಿ ಏಣು. ಎರಡನ್ನೂ ಅಳಿಸಬಹುದಾದ ಪೆನ್ನಿನಿಂದ ಗುರುತಿಸಿ.

3. ಗುಳಿಗಿಂತ ತುಸು ಚಿಕ್ಕ ಟ್ಯಾಬ್ ಆರಿಸಿ, ಮುಖಕ್ಕೆ 2 ಮಿ.ಮೀ. ದಪ್ಪ ಅಂಟು ಹಾಕಿ ಮೆಲ್ಲಗೆ ಕೂರಿಸಿ. ಒತ್ತಿ ಹಿಂಡಬೇಡಿ, ಅಂಟು ತೆಳುವಾದರೆ ಹಿಡಿತ ಕಡಿಮೆ.

4. ಅಂಟು ಮುಟ್ಟಿದರೆ ತಣ್ಣಗಾಗುವವರೆಗೆ, ಒಂದರಿಂದ ಮೂರು ನಿಮಿಷ, ಕಾಯಿರಿ.

5. ಸಣ್ಣ ಸಣ್ಣ ಎಳೆತ, ನೇರ ದಿಕ್ಕಿನಲ್ಲಿ. ಒಂದೇ ಜೋರು ಎಳೆತಕ್ಕೆ ನಡುವೆ ಮೊಲೆತೊಟ್ಟಿನಂಥ ಉಬ್ಬು ಎದ್ದು, ಅದನ್ನು ಇಳಿಸುವುದು ನೆಗ್ಗಿಗಿಂತ ಕಷ್ಟವಾಗುತ್ತದೆ.

6. ಟ್ಯಾಬಿನ ಅಂಚಿಗೆ ಆಲ್ಕೋಹಾಲ್ ಬಿಟ್ಟು ಅರ್ಧ ನಿಮಿಷ ಕಾದರೆ ಅಂಟು ತಾನಾಗಿ ಬಿಡುತ್ತದೆ. ಕೆತ್ತಿ ತೆಗೆಯಬೇಡಿ.

ಈ ಆರನ್ನೂ ಒಮ್ಮೆ ಮಾಡಿದರೆ ಮುಗಿಯುವುದಿಲ್ಲ. ಒಂದು ನೆಗ್ಗಿಗೆ ಹದಿನೈದು ಇಪ್ಪತ್ತು ಸಲ ಎಳೆಯಬೇಕಾಗುವುದು ಮಾಮೂಲು. ಕೆಲಸದ ಮರ್ಮ ಇರುವುದು ಎರಡು ಎಳೆತಗಳ ನಡುವೆ. ಗುಳಿ ಬಿದ್ದಾಗ ಅದರ ಸುತ್ತ ತಗಡು ಮೇಲೆದ್ದು ಏಣು ಕಟ್ಟಿಕೊಳ್ಳುತ್ತದೆ. ಕಮಾನಿನಂತೆ ಗುಳಿಯನ್ನು ಒಳಗೆ ಹಿಡಿದಿಟ್ಟಿರುವುದು ಆ ಏಣೇ. ಅದನ್ನು ಬಿಡಿಸದೆ ನಡುವನ್ನಷ್ಟೇ ಎಳೆದರೆ ಬಂದಷ್ಟೂ ಮತ್ತೆ ಒಳಕ್ಕೆ ಹೋಗುತ್ತದೆ. ಆದ್ದರಿಂದ ಪ್ರತಿ ಎಳೆತದ ನಂತರ ನೈಲಾನ್ ಕಡ್ಡಿಯನ್ನು ಏಣಿನ ಮೇಲಿಟ್ಟು ಹಗುರಾಗಿ ತಟ್ಟಿ, ದೀಪದ ಗೆರೆ ನೆಟ್ಟಗಾಗುವುದನ್ನು ನೋಡುತ್ತ. ಅಗಲ ನೆಗ್ಗಾದರೆ ಅಂಚಿನಿಂದ ನಡುವಿಗೆ ಬನ್ನಿ. ಉದ್ದ ಮಡಿಕೆಯಾದರೆ ಎರಡು ತುದಿಗಳಿಂದ ಒಳಕ್ಕೆ. ಏಟು ಕೊನೆಯಲ್ಲಿ ಎಲ್ಲಿ ತಾಗಿತೋ ಅಲ್ಲಿಂದ ಬಿಡಿಸುತ್ತ ಬರಬೇಕೆನ್ನುವುದು ತಗಡಿನ ಕೆಲಸದವರ ಹಳೆಯ ಕ್ರಮ, ಅದು ಇಲ್ಲಿಯೂ ಸರಿ.

ಒತ್ತಿದರೆ ಒಳಕ್ಕೆ, ಬಿಟ್ಟರೆ ಹೊರಕ್ಕೆ ಟಪ್ ಎಂದು ಹಾರುವ ಸ್ಥಿತಿ ಬಂದರೆ ನಿಲ್ಲಿಸಿ. ತಗಡು ಹಿಗ್ಗಿದೆ ಎಂದರ್ಥ. ಇನ್ನೂ ಎಳೆದರೆ ಇನ್ನೂ ಹಿಗ್ಗುತ್ತದೆ, ಅಷ್ಟೇ.

ಒಳಗಿನಿಂದ ತಳ್ಳುವುದು

ಮುಚ್ಚಳದ ಬಾಯಿಯಿಂದಲೋ ಪಂಪಿನ ತೂತಿನಿಂದಲೋ ನೇರ ನೋಟಕ್ಕೆ ನೆಗ್ಗಿನ ಹಿಂಬದಿ ಸಿಗುವಂತಿದ್ದರೆ ಬಾಗಿಸಿದ ಉಕ್ಕಿನ ಸರಳಿನಿಂದ ತಳ್ಳಬಹುದು. ಇದಕ್ಕೆ ಟ್ಯಾಂಕ್ ಖಾಲಿಯಿರಬೇಕು, ಹಾಗಾಗಿ ತೊಳೆದು, ತೂತುಗಳನ್ನೆಲ್ಲ ತೆರೆದು ಬಯಲಲ್ಲಿ ಒಂದು ದಿನ ಗಾಳಿಗೆ ಬಿಟ್ಟ ಮೇಲೆಯೇ ಮಾಡಿ. 10ರಿಂದ 12 ಮಿ.ಮೀ. ಸರಳು, ತುದಿ ದುಂಡಗೆ ಉಜ್ಜಿದ್ದು, ಅದರ ಮೇಲೆ ಬಟ್ಟೆ ಟೇಪು ಎರಡು ಸುತ್ತು: ಲೋಹಕ್ಕೆ ಲೋಹ ತಾಗಿ ಕಿಡಿಯಾಗಬಾರದು, ಒಳಗೆ ಗೀಚಬಾರದು. ಬಾಯಿಯ ಅಂಚನ್ನೇ ಆನಿಕೆಯಾಗಿ ಬಳಸಿದರೆ ಅಂಚು ಬಾಗಿ ಮುಚ್ಚಳ ಸೋರುತ್ತದೆ, ಅಲ್ಲೊಂದು ಮರದ ತುಂಡು ಕೊಡಿ. ಹೊರಗಿನಿಂದ ಅಂಗೈ ಇಟ್ಟು ಸರಳಿನ ತುದಿ ಎಲ್ಲಿ ತಾಗುತ್ತಿದೆ ಎಂದು ತಿಳಿದುಕೊಂಡ ಮೇಲೆಯೇ ಬಲ ಹಾಕಿ. ಗುರಿ ಒಂದು ಬೆರಳಷ್ಟು ತಪ್ಪಿದರೂ ಹೊರಗೊಂದು ಹೊಸ ಉಬ್ಬು.

ಬಣ್ಣ ಹೋಗಲೇಬೇಕಾದಾಗ: ಪುಟ್ಟಿ

ಮಡಿಕೆ ಉಳಿದಿದ್ದರೆ, ಬಣ್ಣ ಸೀಳಿದ್ದರೆ ಪುಟ್ಟಿಯ ಕೆಲಸ. 3 ಮಿ.ಮೀ.ಗಿಂತ ದಪ್ಪ ಪುಟ್ಟಿ ಟ್ಯಾಂಕಿನ ಮೇಲೆ ನಿಲ್ಲುವುದಿಲ್ಲ. ಕೆಳಗೆ ಎಂಜಿನ್ನಿನ ಕಾವು, ಒಳಗೆ ತಣ್ಣನೆ ಪೆಟ್ರೋಲ್, ಜೊತೆಗೆ ದಿನವಿಡೀ ನಡುಕ. ತಗಡೂ ಪುಟ್ಟಿಯೂ ಒಂದೇ ಅಳತೆಗೆ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಅಂಚಿನಲ್ಲಿ ಬಿರುಕು ಕಾಣಿಸುತ್ತದೆ. ಗುಳಿ ಅದಕ್ಕಿಂತ ಆಳವಿದ್ದರೆ ಮತ್ತೆ ಎಳೆಯಿರಿ. ಈಗ ಬಣ್ಣದ ಚಿಂತೆ ಇಲ್ಲದ್ದರಿಂದ ಧೈರ್ಯವಾಗಿ ಎಳೆಯಬಹುದು.

ಆಳ ಅಳೆಯಲು, ಆಕಾರ ತಿಳಿಯಲು ಒಂದು ಸುಲಭ ದಾರಿ ಇದೆ. ಟ್ಯಾಂಕಿನ ಎಡ ಬಲ ಸಾಮಾನ್ಯವಾಗಿ ಒಂದೇ ಆಕಾರ. ನೆಗ್ಗಿಲ್ಲದ ಪಕ್ಕದಲ್ಲಿ ಅದೇ ಜಾಗದ ಡೊಂಕಿಗೆ ಸರಿಯಾಗಿ ಗಟ್ಟಿ ರಟ್ಟು ಕತ್ತರಿಸಿ, ಅದನ್ನು ಮಗುಚಿ ನೆಗ್ಗಿದ ಪಕ್ಕಕ್ಕೆ ಹಿಡಿಯಿರಿ. ಅಡ್ಡಕ್ಕೊಂದು, ಉದ್ದಕ್ಕೊಂದು ರಟ್ಟು ಇದ್ದರೆ ಎಲ್ಲಿ ಎಷ್ಟು ಕೊರತೆ ಎಂಬುದು ಕಣ್ಣಿಗೇ ಕಾಣುತ್ತದೆ. ಪುಟ್ಟಿ ಉಜ್ಜುವಾಗಲೂ ಇದೇ ಅಳತೆಗೋಲು.

ಮುಚ್ಚಳದ ಬಾಯಿಗೆ, ಪಂಪಿನ ತೂತಿಗೆ ಟೇಪು ಹಚ್ಚಿ ದೂಳು ಹೋಗದಂತೆ ಮಾಡಿ. ನೆಗ್ಗಿನ ಸುತ್ತ ಮೂರು ಬೆರಳಗಲ ಹೆಚ್ಚಿಗೆ ಬಣ್ಣವನ್ನು 80 ನಂಬರ್ ಎಮರಿ ಪೇಪರಿನಿಂದ ಕೈಯಲ್ಲೇ ಉಜ್ಜಿ ಹೊಳೆಯುವ ತಗಡು ಕಾಣಬೇಕು. ಜಿಡ್ಡು ಒರೆಸಿ, ಒಂದು ತೆಳು ಪದರ ಎಪಾಕ್ಸಿ ಪ್ರೈಮರ್ ಹೊಡೆದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ, 180 ನಂಬರಿನಿಂದ ಒರಟು ಮಾಡಿ. ತಣ್ಣನೆ ಪೆಟ್ರೋಲ್ ತುಂಬಿದಾಗ ಟ್ಯಾಂಕಿನ ಹೊರಮೈ ಬೆವರುವುದುಂಟು. ಎಪಾಕ್ಸಿ ಇದ್ದರೆ ಆ ತೇವ ಎಲ್ಲಿಂದ ನುಸುಳಿದರೂ ತಗಡಿಗೆ ತುಕ್ಕು ಹತ್ತುವುದಿಲ್ಲ.

ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡನರ್ (ಅದನ್ನು ಗಟ್ಟಿಯಾಗಿಸುವ ರಾಸಾಯನಿಕ) ತೂಕದಲ್ಲಿ 2 ಶೇಕಡಾ: 50 ಗ್ರಾಂ ಪುಟ್ಟಿಗೆ 1 ಗ್ರಾಂ. ಕಣ್ಣಂದಾಜು ಬೇಡ, ಸಣ್ಣ ತಕ್ಕಡಿಯಲ್ಲಿ ತೂಗಿ. ಹೆಚ್ಚಾದರೆ ಸೂಜಿತೂತುಗಳು ಬೀಳುತ್ತವೆ, ಹಾರ್ಡನರಿನ ಬಣ್ಣ ಮೇಲಿನ ಪದರಕ್ಕೂ ಇಣುಕಿ ಕಲೆಯಾಗುತ್ತದೆ. ಕಡಿಮೆಯಾದರೆ ಒಳಗೆ ಮೆತ್ತಗೇ ಉಳಿದು ಆಮೇಲೆ ಕುಗ್ಗುತ್ತದೆ. ಗೀರು ಗೀರು ಬಣ್ಣ ಹೋಗುವವರೆಗೆ ಒತ್ತಿ ಮಡಚಿ ಕಲಸಿ. ಕಡೆದರೆ ಗಾಳಿ ಸೇರುತ್ತದೆ. ಕಲಸಿದ ಮೇಲೆ ನಾಲ್ಕೈದು ನಿಮಿಷವಷ್ಟೇ ಸಮಯ. ಮೊದಲ ಪದರವನ್ನು ತೆಳುವಾಗಿ, ಉಜ್ಜಿದ ಗೆರೆಗಳೊಳಕ್ಕೆ ಇಳಿಯುವಂತೆ ಬಲವಾಗಿ ಎಳೆಯಿರಿ. ಅದರ ಮೇಲೆ ತುಂಬುವ ಪದರ.

ಅರ್ಧ ಗಂಟೆಯ ನಂತರ 80, ಆಮೇಲೆ 120, 180, 240 ನಂಬರ್ ಪೇಪರಿನಿಂದ ಉಜ್ಜಿ. ಬೆರಳಿಗೆ ಪೇಪರ್ ಸುತ್ತಿ ಉಜ್ಜಿದರೆ ಅಲೆ ಅಲೆಯಾಗುತ್ತದೆ. ದುಂಡು ಮೈಗೆ ರಬ್ಬರ್ ಅಥವಾ ದಪ್ಪ ಸ್ಪಂಜಿನ ತುಂಡಿಗೆ ಪೇಪರ್ ಸುತ್ತಿ, ಪ್ರತಿ ಸಲ ದಿಕ್ಕು ಬದಲಿಸಿ ಓರೆಯಾಗಿ ಉಜ್ಜಬೇಕು. ಪುಟ್ಟಿಯನ್ನು ಒಣಗಿದಂತೆಯೇ ಉಜ್ಜಿ, ನೀರು ಸೋಕಿಸಬೇಡಿ. ಅದು ಸ್ಪಂಜಿನಂತೆ ನೀರು ಹೀರಿಕೊಂಡು ತಿಂಗಳುಗಳ ಮೇಲೆ ಬಣ್ಣದಡಿ ಗುಳ್ಳೆ ಎಬ್ಬಿಸುತ್ತದೆ. ಸರಿಯಾಯಿತೇ ಎಂದು ಕಣ್ಣಿಗಿಂತ ಕೈ ಚೆನ್ನಾಗಿ ಹೇಳುತ್ತದೆ: ತೆಳು ಬಟ್ಟೆ ಅಡ್ಡವಿಟ್ಟು ಅಂಗೈಯನ್ನು ಉದ್ದಕ್ಕೆ ಸವರಿ, ಕಣ್ಣು ಮುಚ್ಚಿಕೊಂಡೇ ಸವರಿ. ಪುಟ್ಟಿಯ ಅಂಚು ಗೊತ್ತಾಗುತ್ತಿದ್ದರೆ ಇನ್ನೂ ಕೆಲಸ ಇದೆ.

ಬಣ್ಣ

ಹಾರ್ಡನರ್ ಬೆರೆಸುವ ಸರ್ಫೇಸರ್ ಪ್ರೈಮರ್ (ಸಣ್ಣ ಗೀರು ತುಂಬುವ ಅಡಿಲೇಪ) ಎರಡು ಮೂರು ಪದರ, ಅದರ ಮೇಲೆ ಕಪ್ಪು ಬಣ್ಣವನ್ನು ದೂಳಿನಂತೆ ತೆಳುವಾಗಿ ಹಾರಿಸಿ 400, ನಂತರ 600 ನಂಬರಿನಲ್ಲಿ ಉಜ್ಜಿದರೆ, ಕಪ್ಪು ಉಳಿದ ಕಡೆಯಲ್ಲೆಲ್ಲ ಇನ್ನೂ ಗುಳಿ ಇದೆ ಎಂದು ತಿಳಿಯುತ್ತದೆ. ಬೇಸ್ ಕೋಟನ್ನು, ಅಂದರೆ ಬಣ್ಣದ ಪದರವನ್ನು, ಬೈಕಿನ ಬಣ್ಣದ ಕೋಡ್ ಕೊಟ್ಟೇ ಬೆರೆಸಿ ಪಡೆಯಿರಿ. ಮೆಟಾಲಿಕ್, ಪರ್ಲ್ ಬಣ್ಣಗಳಲ್ಲಿ ತೇಪೆ ಎದ್ದು ಕಾಣುವುದರಿಂದ ಆ ಪಕ್ಕಕ್ಕೆಲ್ಲ ಹಬ್ಬಿಸಿ ಹೊಡೆಯಬೇಕು. ಬಣ್ಣದ ಮೇಲಿನ ಪಾರದರ್ಶಕ ಲೇಪವಾದ ಕ್ಲಿಯರ್ ಮಾತ್ರ ಪೂರ್ತಿ ಟ್ಯಾಂಕಿಗೇ.

ಹಾರ್ಡನರ್ ಇಲ್ಲದ ಸ್ಪ್ರೇ ಡಬ್ಬಿಯ ಕ್ಲಿಯರ್ ಟ್ಯಾಂಕಿಗೆ ತಕ್ಕದ್ದಲ್ಲ. ಪೆಟ್ರೋಲ್ ಚೆಲ್ಲಿದ ಮೊದಲ ಸಲವೇ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಕ್ಲಿಯರ್ ಬೇಕು. ಆದರೆ ಆ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಜೀವನಪೂರ್ತಿ ಕಾಡುವ ಆಸ್ತಮಾ ಅಂಟಿಕೊಳ್ಳಬಹುದು. ಬಟ್ಟೆಯ ಮಾಸ್ಕ್, ದೂಳಿನ ಮಾಸ್ಕ್ ಇದಕ್ಕೆ ಏನೂ ಅಲ್ಲ. ಹೊರಗಿನಿಂದ ಗಾಳಿ ಪೂರೈಸುವ ಮುಖವಾಡ ಇಲ್ಲದಿದ್ದರೆ ಇದೊಂದು ಹಂತವನ್ನು ಬಣ್ಣದ ಬೂತ್ ಇರುವವರಿಂದಲೇ ಮಾಡಿಸಿ. ಮುಚ್ಚಳದ ಕೆಳಗಿನ ಅಂಚಿನವರೆಗೂ ಕ್ಲಿಯರ್ ಹೋಗಲಿ. ಅಲ್ಲಿ ಬಣ್ಣದ ಅಂಚು ಬರಿದಾಗಿ ಉಳಿದರೆ ಚೆಲ್ಲಿದ ಪೆಟ್ರೋಲ್ ಅದರಡಿಯಿಂದಲೇ ಒಳಗೆ ಹೋಗುತ್ತದೆ.

ಮತ್ತೆ ಕೂರಿಸುವುದು

ಒಳಗೆ ನೀರಿನ ಪಸೆ ಉಳಿದಿರಬಾರದು. 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎಲ್ಲ ಮೂಲೆಗೂ ತಾಗುವಂತೆ ಹೊರಳಿಸಿ ಬಸಿದರೆ ಅದು ನೀರನ್ನೂ ಕರೆದುಕೊಂಡು ಹೋಗುತ್ತದೆ. ಹೊಸ ಬಣ್ಣದ ಮೇಲೆ ಮಾತ್ರ ಬೀಳದಂತೆ ನೋಡಿಕೊಳ್ಳಿ. ಬಣ್ಣ ಒಣಗುವಷ್ಟು ದಿನ ಟ್ಯಾಂಕ್ ಖಾಲಿ ಇರುವುದಾದರೆ ಒಂದೆರಡು ಚಮಚ ಎಂಜಿನ್ ಆಯಿಲ್ ಒಳಮೈಗೆ ಹರಡಿಡಿ, ಇಲ್ಲದಿದ್ದರೆ ತುಕ್ಕು ಬಹಳ ಬೇಗ ಹಿಡಿಯುತ್ತದೆ. ಪಂಪಿನ ರಬ್ಬರ್ ಉಂಗುರ ಪೆಟ್ರೋಲಿನಲ್ಲಿ ಊದಿಕೊಂಡು ತನ್ನ ತೋಡಿನಲ್ಲಿ ಮತ್ತೆ ಕೂರುವುದಿಲ್ಲ, ಹೊಸದನ್ನೇ ಹಾಕಿ. ಇಂಧನ ಫಿಲ್ಟರನ್ನೂ ಬದಲಿಸುವುದು ಲೇಸು.

ಕ್ಲಿಯರ್ ಹೊಡೆದು ಒಂದು ವಾರ ಕಳೆಯುವ ಮೊದಲು ಪೆಟ್ರೋಲ್ ಸೋಕಿಸಬೇಡಿ. ಆಮೇಲೆ ಎರಡು ಲೀಟರ್ ಹಾಕಿ, ಟ್ಯಾಂಕನ್ನು ಒಣ ಕಾಗದದ ಮೇಲೆ ಒಂದೊಂದು ಮಗ್ಗುಲಿಗೂ ಅರ್ಧರ್ಧ ಗಂಟೆ ವಾಲಿಸಿಟ್ಟು ಬೆಸುಗೆಯ ಅಂಚು, ಎಳೆದ ಜಾಗ, ಪಂಪಿನ ಸುತ್ತ ತೇವ ಇದೆಯೇ ನೋಡಿ. ಒಣಗಿದ್ದರೆ ಬೈಕಿಗೆ ಕೂರಿಸಿ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಸ್ವಿಚ್ ಡಬ್ಬಿಗೂ ಟ್ಯಾಂಕಿಗೂ ನಡುವೆ ಒಂದು ಬೆರಳು ಹೋಗಬೇಕು. ಹೋಗದಿದ್ದರೆ ಬಿದ್ದ ಏಟಿಗೆ ಹ್ಯಾಂಡಲ್ ಬಾಗಿದೆ, ಇಲ್ಲವೇ ಚೌಕಟ್ಟಿನ ಕತ್ತಿನಲ್ಲಿರುವ ಸ್ಟಾಪರ್ ಸವೆದೋ ಮುರಿದೋ ಹೋಗಿದೆ. ಅದನ್ನು ಸರಿಪಡಿಸಿದ ಮೇಲೆಯೇ ಬೈಕನ್ನು ರಸ್ತೆಗಿಳಿಸಿ.